ತರಾಜು ಬದಲಿಸಿ, ಕಥೆ ಉಳಿಯುತ್ತದೆ

ಶರಣು. ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈ ಸಲ ಪತ್ರಿಕೆಯಲ್ಲಿ ಹಾಕುತ್ತಿಲ್ಲ. ಕಾರಣ ನೇರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಕಥೆಯಲ್ಲಿ ಕಲಬುರಗಿ ಗಂಜಿನಲ್ಲಿ ತೂಗಿದ ಒಂದು ಕ್ವಿಂಟಾಲ್ ತೊಗರಿ ಸಮಭಾಜಕದ ಹತ್ತಿರದ ಸಿಂಗಾಪುರದ ತರಾಜಿನಲ್ಲಿ ಮೂರು ಕಿಲೋ ಕಮ್ಮಿ ಬರುತ್ತದೆ. ಮುನೀಮನ ಮೇಲೆ ಕಳವಿನ ಅಪವಾದ. ಕೊನೆಗೆ ಅವನ ಮಗಳು ‘ಭೂಮಿ ತಿರುಗುತ್ತಾ ಚೀಲವನ್ನು ಹೊರಗೆ ತಳ್ಳುತ್ತದೆ’ ಎಂದು ಬಿಡಿಸಿ ಹೇಳುತ್ತಾಳೆ. ಗಂಜಿನ ಧೂಳು, ಹಮಾಲರ ಮಾತು, ಮುನೀಮನ ಸಿಟ್ಟು, ಇವೆಲ್ಲ ಚೆನ್ನಾಗಿ ಬಂದಿವೆ. ಕೆಟ್ಟಿರುವುದು ತರಾಜು.

ತರಾಜು ಹೋಲಿಸಿ ನೋಡುವ ಸಾಮಾನು. ತೊಗರಿ ಎಷ್ಟು ಹಗುರಾಗುತ್ತದೋ ಇನ್ನೊಂದು ತಟ್ಟೆಯ ಕಲ್ಲೂ ಅಷ್ಟೇ ಹಗುರಾಗುತ್ತದೆ. ಮುಳ್ಳು ಅಲ್ಲಾಡುವುದೇ ಇಲ್ಲ! ನಿಮಗೆ ಬೇಕಾದದ್ದು ಕೊಕ್ಕೆಗೆ ತೂಗುಹಾಕುವ ಸ್ಪ್ರಿಂಗ್ ಕಾಟಾ. ಎಲೆಕ್ಟ್ರಾನಿಕ್ ಕಾಟಾ ಆದರೂ ನಡೆಯುತ್ತದೆ, ಆದರೆ ಕಲಬುರಗಿಯಲ್ಲಿ ಸರಿಹೊಂದಿಸಿದ್ದನ್ನೇ ಹೊತ್ತೊಯ್ಯಬೇಕು.

ಮಗಳ ಮಾತನ್ನೂ ತಿದ್ದಿ. ಶರಣಬಸವೇಶ್ವರ ಜಾತ್ರೆಯಲ್ಲಿ ಜೈಂಟ್ ವ್ಹೀಲ್ ಹತ್ತಿದ್ದೀರಲ್ವಾ? ತುದಿಗೆ ಹೋದಾಗ ಮೈ ಹಗುರಾಗುತ್ತದೆ. ಅಲ್ಲಿ ಯಾರೂ ನಮ್ಮನ್ನು ಮೇಲಕ್ಕೆ ತಳ್ಳುವುದಿಲ್ಲ. ಭೂಮಿಯ ಸೆಳೆತದ ಒಂದು ಪಾಲು ನಮ್ಮನ್ನು ಆ ಸುತ್ತಿನಲ್ಲಿ ತಿರುಗಿಸಲಿಕ್ಕೆ ಖರ್ಚಾಗುತ್ತದೆ, ಉಳಿದದ್ದಷ್ಟೇ ಸೀಟಿನ ಮೇಲೆ ಬೀಳುತ್ತದೆ. ಕಲಬುರಗಿಯೂ ಹೀಗೇ ಗಂಟೆಗೆ ಸುಮಾರು 1600 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ. ಅದಕ್ಕಾಗಿ ಒಂದು ಕ್ವಿಂಟಾಲಿನಲ್ಲಿ 300 ಗ್ರಾಂ ಚಿಲ್ಲರೆಯನ್ನು ಭೂಮಿ ಅಡತಿ ಮುರಿದುಕೊಳ್ಳುತ್ತದೆ. (ಈ ಹೋಲಿಕೆ ಬೇಕಾದರೆ ನೀವೇ ಇಟ್ಟುಕೊಳ್ಳಿ.)

ಹಾಗಾದರೆ ಮೂರು ಕಿಲೋ ಎಲ್ಲಿಂದ ಬಂತು? ಇಲ್ಲಿಗೂ ಸಿಂಗಾಪುರಕ್ಕೂ ಇರುವ ಫರಕು ಕ್ವಿಂಟಾಲಿಗೆ 50 ಗ್ರಾಂ ಕೂಡ ಆಗುವುದಿಲ್ಲ. ಚೀಲ ಎತ್ತಿ ಇಳಿಸುವಾಗ ಉದುರುವ ಕಾಳೇ ಅದಕ್ಕಿಂತ ಜಾಸ್ತಿ.

ಭೂಮಿ 17 ಪಟ್ಟು ಜೋರಾಗಿ ತಿರುಗಿದರೆ ಕಲಬುರಗಿ ಜನ ಹಾರಿಹೋಗುತ್ತಾರೆ ಎಂಬ ಮಗಳ ಕನಸು ಸೊಗಸಾಗಿದೆ, ಆದರೆ ಲೆಕ್ಕ ಸಮಭಾಜಕದ್ದು. ಒಂದು ದಿನ ಸುಮಾರು 84 ನಿಮಿಷಕ್ಕೆ ಮುಗಿದರೆ ಅಲ್ಲಿ ತೂಕ ಸೊನ್ನೆ. ನಮ್ಮೂರು ಇರುವುದು 17 ಡಿಗ್ರಿ ಉತ್ತರದಲ್ಲಿ. ಆಗಲೂ ಇಲ್ಲಿ ಕ್ವಿಂಟಾಲ್ ಚೀಲ ಸುಮಾರು 30 ಕಿಲೋ ತೂಗುತ್ತದೆ, ಅದೂ ನೆಟ್ಟಗೆ ಅಲ್ಲ. ಗೌಂಡಿಯ ತೂಕದ ಗುಂಡು ದಕ್ಷಿಣಕ್ಕೆ ವಾಲಿ ಹೆಚ್ಚುಕಮ್ಮಿ ಮಲಗಿಬಿಡುತ್ತದೆ. ಜನ ಹಾರುವುದಿಲ್ಲ, ಯಾದಗಿರಿ ಕಡೆ ಜಾರುತ್ತಾರೆ! ಇದನ್ನು ಬರೆಯಿರಿ, ನಗು ಬರುತ್ತದೆ.

1672ರಲ್ಲಿ ಪ್ಯಾರಿಸ್‌ನಿಂದ ಸಮಭಾಜಕದ ಹತ್ತಿರದ ಕಯೆನ್ನಿಗೆ ಹೋದ ಫ್ರೆಂಚ್ ಖಗೋಳಜ್ಞ ಜ್ಯಾಂ ರಿಷೆರ್, ಅಲ್ಲಿ ಸೆಳೆತ ಕಮ್ಮಿಯಾದ್ದರಿಂದ ತನ್ನ ಲೋಲಕ ಗಡಿಯಾರ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುವುದನ್ನು ಕಂಡ. ನೀವು ಅವನಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಮುನೀಮ ಅಷ್ಟು ಹೊತ್ತು ಸುಮ್ನೆ ನಿಂತಿರುತ್ತಾನೆ. ಎರಡು ಸಾಲು ಸಾಕು. ಮೊದಲ ಪುಟದ ಸೂರ್ಯೋದಯ ಪೂರ್ತಿ ಹೋಗಲಿ.

ಚೀಲವನ್ನು ಓಸ್ಲೋಗೆ ಕಳಿಸಿ ನೋಡಿ. ಅಲ್ಲಿ ಅದೇ ಕಾಟಾದಲ್ಲಿ ಸುಮಾರು 350 ಗ್ರಾಂ ಜಾಸ್ತಿ ಬರುತ್ತದೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಸುತ್ತುವ ವೇಗ ಕಮ್ಮಿಯಾದದ್ದಕ್ಕೆ, ಉಳಿದದ್ದು ಭೂಮಿ ಧ್ರುವದ ಕಡೆ ಚಪ್ಪಟೆಯಾಗಿರುವುದಕ್ಕೆ. ಈಗ ಜಗಳ ಎಲ್ಲಿದೆ? ಜಾಸ್ತಿ ಬಂದ ಮಾಲಿಗೆ ಯಾರು ತಕರಾರು ತೆಗೆಯುತ್ತಾರೆ? ಕೊಂಡವನು ಬಾಯಿ ಬಿಡುವುದಿಲ್ಲ. ಲೆಕ್ಕ ಕೂಡದೆ ಮುನೀಮ ರಾತ್ರಿ ನಿದ್ದೆಗೆಡುತ್ತಾನೆ. ಅಲ್ಲಿಂದ ಶುರು ಮಾಡಿ, ಜಾತ್ರೆಗೆ ಮೊದಲೇ ಕಥೆ ಕಳಿಸಿ.