ಮಕ್ಕಳ ಕ್ಲಾಸಿಕ್ ಪುಸ್ತಕಗಳ ಉಪನ್ಯಾಸಕ್ಕೆ ಹೋಗುವ ಮುನ್ನ ಏನು ಓದಿಕೊಳ್ಳಬೇಕು?

ಸಾಹಿತ್ಯ ಸಂಘದ ಉಪನ್ಯಾಸ 'ಆಲಿಸ್' (ಲೂಯಿಸ್ ಕ್ಯಾರಲ್ ಬರೆದ 'ಆಲಿಸ್ ಇನ್ ವಂಡರ್‌ಲ್ಯಾಂಡ್'), 'ಪಿನೋಕಿಯೊ' (ಕಾರ್ಲೊ ಕೊಲ್ಲೋಡಿ ಬರೆದ ಮರದ ಗೊಂಬೆಯ ಕತೆ) ಬಗ್ಗೆ ಇದೆ, ಅವನ್ನು ಚಿಕ್ಕಂದಿನಲ್ಲಿ ಓದಿದ್ದಷ್ಟೇ, ಹೋದರೆ ಅರ್ಥವಾದೀತೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಚಿಕ್ಕಂದಿನಲ್ಲಿ ಬಹುತೇಕರು ಓದಿರುವುದು ಸಂಕ್ಷಿಪ್ತ ರೂಪವನ್ನು. ಉಪನ್ಯಾಸದ ಸ್ವಾರಸ್ಯವಿರುವುದೇ ಅದರಲ್ಲಿ ಬಿಟ್ಟುಹೋದ ಕಡೆಗಳಲ್ಲಿ. ಹಾಗಾಗಿ ಪೂರ್ಣಪಾಠ ಹುಡುಕಿಕೊಳ್ಳಿ.

ಅಧ್ಯಾಯ ಎಣಿಸಿದರೆ ಗೊತ್ತಾಗುತ್ತದೆ: 'ಆಲಿಸ್'ಗೆ 12, 'ಪಿನೋಕಿಯೊ'ಗೆ 36. ಎಣಿಕೆ ಸರಿಯಿದ್ದರೂ ಒಳಗೆ ಕತ್ತರಿ ಆಡಿಸಿರುವುದುಂಟು. 'ಪಿನೋಕಿಯೊ'ದ 4ನೇ ಅಧ್ಯಾಯ ತೆರೆಯಿರಿ. ಬುದ್ಧಿ ಹೇಳಲು ಬಂದ ಜೀರುಂಡೆಯತ್ತ ಗೊಂಬೆ ಸುತ್ತಿಗೆ ಎಸೆಯುತ್ತದೆ, ಜೀರುಂಡೆ ಗೋಡೆಗೆ ಅಂಟಿಕೊಂಡೇ ಸಾಯುತ್ತದೆ. ನಿಮ್ಮ ಪ್ರತಿಯಲ್ಲಿ ಅದು ಬದುಕಿಕೊಂಡಿದ್ದರೆ ಯಾರೋ ತಿದ್ದಿದ್ದಾರೆ ಎಂದೇ ಅರ್ಥ. 15ನೇ ಅಧ್ಯಾಯದ ಕೊನೆಯನ್ನೂ ಓದಿ. ಗೊಂಬೆಯನ್ನು ಮರಕ್ಕೆ ನೇಣು ಹಾಕುತ್ತಾರೆ. 1881ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ಕತೆ ಮೊದಲು ಅಲ್ಲಿಗೇ ಮುಗಿದಿತ್ತು. ಓದುಗರು ಬಿಡದೆ ಕೇಳಿದ್ದರಿಂದ ಮುಂದುವರಿಯಿತು. 16ನೇ ಅಧ್ಯಾಯದಿಂದ ಕತೆಯ ಧಾಟಿ ಬದಲಾಗುವುದು ಇದು ಗೊತ್ತಿದ್ದವರಿಗೆ ಬೇಗ ಕಣ್ಣಿಗೆ ಬೀಳುತ್ತದೆ.

'ಆಲಿಸ್' ಅನ್ನು ಮಾತ್ರ ಫೋನಿನಲ್ಲಿ ಓದಬೇಡಿ. 3ನೇ ಅಧ್ಯಾಯದಲ್ಲಿ ಇಲಿ ಹೇಳುವ ಕತೆಯನ್ನು ಬಾಲದಂತೆ ಡೊಂಕುಡೊಂಕಾಗಿ, ಕೆಳಗಿಳಿದಂತೆ ಅಕ್ಷರ ಚಿಕ್ಕದಾಗುವಂತೆ ಅಚ್ಚು ಹಾಕಿದ್ದಾರೆ. ಪರದೆಯಲ್ಲಿ ಆ ಸಾಲುಗಳು ಎಷ್ಟೋ ಸಲ ನೆಟ್ಟಗಾಗಿಬಿಡುತ್ತವೆ. ಇಂಗ್ಲಿಷಿನಲ್ಲಿ 'ಕತೆ', 'ಬಾಲ' ಎರಡಕ್ಕೂ ಉಚ್ಚಾರ ಒಂದೇ. ತಮಾಷೆ ಇರುವುದೇ ಅಲ್ಲಿ. ಕನ್ನಡದಲ್ಲಿ ಅದು ಕೂಡಿಬರುವುದಿಲ್ಲ. ಅನುವಾದಕರು ಇಲ್ಲಿ ಏನು ಮಾಡಬಹುದು ಎಂದು ಉಪನ್ಯಾಸಕರನ್ನೇ ಕೇಳಿ, ಒಳ್ಳೆಯ ಚರ್ಚೆಯಾಗುತ್ತದೆ. ಜಾನ್ ಟೆನಿಯಲ್ ಬರೆದ 42 ಚಿತ್ರಗಳಿರುವ ಪ್ರತಿಯೇ ಬೇಕು. ಮುದ್ರಣ ಚೆನ್ನಾಗಿಲ್ಲವೆಂದು ಅವರು ಆಕ್ಷೇಪಿಸಿದ್ದಕ್ಕೆ 1865ರ ಮೊದಲ ಮುದ್ರಣವನ್ನೇ ಹಿಂತೆಗೆದುಕೊಂಡಿದ್ದರು. ಈ ಪುಸ್ತಕದಲ್ಲಿ ಚಿತ್ರಕ್ಕೆ ಅಷ್ಟು ತೂಕ.

ಸಮಯ ಕಡಿಮೆಯಿದ್ದರೆ ಎರಡನ್ನೂ ಅವಸರದಲ್ಲಿ ಓದಿ ಮುಗಿಸುವ ಬದಲು 'ಪಿನೋಕಿಯೊ'ದ 4 ಮತ್ತು 15, 'ಆಲಿಸ್'ನ 3, ಈ ಮೂರು ಅಧ್ಯಾಯಗಳನ್ನು ಗಟ್ಟಿಯಾಗಿ ಓದಿ. ಮಕ್ಕಳ ಪುಸ್ತಕದ ಲಯ ಕಿವಿಗೇ ಮೊದಲು ಸಿಗುವುದು.

ಪುಸ್ತಕ, ಪೆನ್ಸಿಲ್ ಜೊತೆಗಿರಲಿ. ಟಿಪ್ಪಣಿಯಲ್ಲಿ ಪುಟಸಂಖ್ಯೆ ಬೇಡ, ಅಧ್ಯಾಯದ ಸಂಖ್ಯೆ ಹಾಕಿ. ಪುಟಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಚಿತ್ರ ತೋರಿಸುವುದಿದ್ದರೆ ಮುಂದಿನ ಸಾಲಿನಲ್ಲಿ ಕೂರಿ. 'ಯಾವ ಪುಸ್ತಕ ಶ್ರೇಷ್ಠ?' ಎಂಬಂಥ ಪ್ರಶ್ನೆಗೆ ಹೆಸರುಗಳ ಪಟ್ಟಿ ಸಿಗುತ್ತದೆ, ಅಷ್ಟೆ. ಒಂದು ಅಧ್ಯಾಯ, ಒಂದು ಸಾಲು ಹಿಡಿದು ಕೇಳಿ. ಮಕ್ಕಳನ್ನು ಕರೆದೊಯ್ಯುವ ಮನಸ್ಸಿದ್ದರೆ ಸಂಘಟಕರನ್ನು ಮೊದಲೇ ವಿಚಾರಿಸಿ. ಮಕ್ಕಳ ಪುಸ್ತಕದ ಬಗೆಗಿನ ಮಾತೆಲ್ಲ ಮಕ್ಕಳಿಗಾಗಿ ಇರುವುದಿಲ್ಲ.