ಲಿಥುವೇನಿಯನ್ ಭಾಷಾಂತರಕಾರರನ್ನು ಬೆಂಗಳೂರಿನಲ್ಲಿ ಹುಡುಕಬೇಕೇ?

ತಮ್ಮನ ಮದುವೆ ಲಿಥುವೇನಿಯಾದ ಕೌನಾಸ್‌ ನಗರದಲ್ಲಿ ನೋಂದಣಿಯಾಗಲಿದೆ, ಅವನ ಜನನ ಪ್ರಮಾಣಪತ್ರವನ್ನೂ ಅವಿವಾಹಿತನೆಂಬ ಪತ್ರವನ್ನೂ ಲಿಥುವೇನಿಯನ್ ಭಾಷೆಗೆ ಅನುವಾದಿಸುವವರು ಬೆಂಗಳೂರಿನಲ್ಲಿ ಯಾರಿದ್ದಾರೆ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಹುಡುಕಬೇಡಿ ಎಂಬುದೇ ನನ್ನ ಸಲಹೆ. ಅದೇ ದೇಶದ ರಾಜಧಾನಿ ವಿಲ್ನಿಯಸ್‌ನಲ್ಲಿ ನನ್ನ ಮದುವೆಯಾದಾಗ ನಾನೂ ಇಲ್ಲಿಯೇ ಒಂದು ಏಜೆನ್ಸಿಗೆ ಹಣ ಕೊಟ್ಟು ಅನುವಾದ ಮಾಡಿಸಿದ್ದೆ. ಅದರಲ್ಲಿ ಅನುವಾದಕರ ಹೆಸರಾಗಲಿ ಸಹಿಯಾಗಲಿ ಇಲ್ಲದ್ದರಿಂದ ನೋಂದಣಿ ಕಚೇರಿಯವರು ಅದನ್ನು ಓದುವ ಗೋಜಿಗೇ ಹೋಗದೆ ಹಿಂದಿರುಗಿಸಿದರು.

ಲಿಥುವೇನಿಯಾದಲ್ಲಿ ಅನುವಾದಕರು, ತಪ್ಪು ಅನುವಾದಕ್ಕೆ ಆ ದೇಶದ ದಂಡಸಂಹಿತೆಯ 235ನೆಯ ವಿಧಿಯಡಿ ಶಿಕ್ಷೆಯಿದೆಯೆಂಬುದು ತಮಗೆ ಗೊತ್ತಿದೆ ಎಂದು ಬರೆದು ಸಹಿ ಮಾಡುತ್ತಾರೆ. ಬಳಿಕ ಅನುವಾದವನ್ನು ದಾಖಲೆಯೊಂದಿಗೆ ದಾರದಿಂದ ಹೊಲಿದು ಮೊಹರು ಹಾಕಲಾಗುತ್ತದೆ, ಕಚೇರಿ ಬಯಸಿದರೆ ನೋಟರಿಯೂ ಆ ಸಹಿಯನ್ನು ದೃಢೀಕರಿಸುತ್ತಾರೆ. ಈ ಕೆಲಸ ಮಾಡುವ ‘ವೆರ್ತಿಮೂ ಬ್ಯೂರಾಸ್’, ಅಂದರೆ ಅನುವಾದ ಕಚೇರಿಗಳು, ಕೌನಾಸ್‌ನಲ್ಲಿಯೇ ಹಲವು ಇವೆ. ಸ್ಕ್ಯಾನ್ ಮಾಡಿ ಕಳುಹಿಸಿದರೆ ದರ ತಿಳಿಸುತ್ತಾರೆ. ಕನ್ನಡದಿಂದ ನೇರವಾಗಿ ಅನುವಾದಿಸುವವರು ನನಗೆ ಸಿಗಲಿಲ್ಲ, ಆದ್ದರಿಂದ ಇಂಗ್ಲಿಷ್ ಇಲ್ಲದ ಹಳೆಯ ಕೈಬರಹದ ಪ್ರಮಾಣಪತ್ರವಾಗಿದ್ದರೆ ದ್ವಿಭಾಷೆಯ ಹೊಸ ಪ್ರತಿಯನ್ನು ಮೊದಲು ಪಡೆಯಿರಿ. ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ವಿದೇಶದಲ್ಲಿ ಬಳಸಲು ಬೇಕಾದ ದೃಢೀಕರಣ, ಹಾಕಿಸಿದ ನಂತರವೇ ಅನುವಾದಕ್ಕೆ ಕೊಡಿ, ಏಕೆಂದರೆ ಅಪೋಸ್ಟಿಲ್‌ನ ಒಕ್ಕಣೆಯೂ ಅನುವಾದದಲ್ಲಿ ಸೇರಬೇಕು.

ನಿಜವಾದ ತೊಡಕಿರುವುದು ಹೆಸರುಗಳಲ್ಲಿ. ಪಾಸ್‌ಪೋರ್ಟಿನಲ್ಲಿ ವಿಸ್ತರಿಸಿರುವ ಇನಿಷಿಯಲ್ ಜನನ ಪ್ರಮಾಣಪತ್ರದಲ್ಲಿ ಒಂಟಿ ಅಕ್ಷರವಾಗಿಯೇ ಉಳಿದಿದ್ದರೆ ಅದನ್ನು ಇಲ್ಲಿಯೇ ಸರಿಪಡಿಸಿಕೊಳ್ಳಿ. ನಾವು ಇಂಗ್ಲಿಷಿನಲ್ಲಿ ಎಸ್, ಎಚ್ ಸೇರಿಸಿ ಬರೆಯುವ ‘ಶ’ಕಾರವನ್ನು ಅವರು ತಲೆಯ ಮೇಲೆ ಕೊಕ್ಕೆಯಿರುವ ಒಂದೇ ಎಸ್‌ನಿಂದ ಬರೆಯುತ್ತಾರೆ, ಎರಡನೆಯ ಬಾರಿಯ ನನ್ನ ಅನುವಾದದಲ್ಲಿ ಹಾಗೆಯೇ ಆಗಿ, ಪಾಸ್‌ಪೋರ್ಟಿಗಿಂತ ಹೆಸರು ಒಂದಕ್ಷರ ಕುಗ್ಗಿತ್ತು. ಪಾಸ್‌ಪೋರ್ಟಿನ ಪ್ರತಿಯನ್ನು ಜೊತೆಗಿಟ್ಟು, ಅದರಲ್ಲಿರುವಂತೆಯೇ ಬರೆಯಲು ಕೇಳಿಕೊಳ್ಳಿ. ಅವರು ವರ್ಷವನ್ನು ಮೊದಲು ಬರೆಯುತ್ತಾರಾದ್ದರಿಂದ ನಮ್ಮ 07-03-1991 ಅಲ್ಲಿ 1991-03-07 ಆಗಬೇಕು. ತಿಂಗಳು, ದಿನ ಅದಲುಬದಲಾಗಿಲ್ಲವೆಂದು ನೀವೇ ನೋಡಿ.

ನೋಂದಣಿಯ ದಿನ ನಿಮ್ಮ ತಮ್ಮನ ಪಕ್ಕದಲ್ಲಿ ನಿಂತು ಮಾತನ್ನು ತಿಳಿಸುವವರು ಬೇರೆಯೇ ಬೇಕು. ಅವರನ್ನು ‘ವೆರ್ತೆಯಾಸ್ ಜೋಜು’ ಎನ್ನುತ್ತಾರೆ. ಕಾಗದ ಅನುವಾದಿಸಿದವರೇ ಇದಕ್ಕೂ ಒಗ್ಗುತ್ತಾರೆಂದು ಭಾವಿಸಬೇಡಿ. ಇಂಗ್ಲಿಷ್ ಬಲ್ಲ ವಧುವಿನ ಕಡೆಯ ನೆಂಟರನ್ನೇ ನಿಲ್ಲಿಸಬಹುದೇ ಎಂಬುದನ್ನು ಕಚೇರಿಯವರಿಂದ ಮೊದಲೇ ಬರವಣಿಗೆಯಲ್ಲಿ ತಿಳಿದುಕೊಳ್ಳಿ.

ಮದುವೆಯ ಪ್ರಮಾಣಪತ್ರವನ್ನು ಮುಂದೆ ಇಲ್ಲಿ ತೋರಿಸುವಾಗ ವಧುವಿನ ಮನೆಯವರ ಹೆಸರುಗಳು ಬೇರೆ ಬೇರೆ ಏಕೆ ಎಂಬ ಇನ್ನೊಂದು ಪ್ರಶ್ನೆ ಏಳುತ್ತದೆ. ಅಲ್ಲಿ ತಂದೆ ಕಜ್ಲೌಸ್ಕಸ್ ಆದರೆ ತಾಯಿ ಸಾಮಾನ್ಯವಾಗಿ ಕಜ್ಲೌಸ್ಕಿಯೆನೆ, ಮಗಳು ಕಜ್ಲೌಸ್ಕೈತೆ. ಮೂರೂ ಒಂದೇ ಮನೆತನದ ಹೆಸರು. ಇದನ್ನು ವಿವರಿಸುವ ಒಂದು ಸಾಲಿನ ಟಿಪ್ಪಣಿಯನ್ನು ಇಂಗ್ಲಿಷ್ ಅನುವಾದದ ಕೆಳಗೆ ಅನುವಾದಕರಿಂದಲೇ ಬರೆಸಿಕೊಂಡು ಬನ್ನಿ.