ಬಾಯಿ ದೇಹದ ಹೊರಗಿದೆಯಾ?

ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: "ಹಲ್ಲಿನ ಚಿಕಿತ್ಸೆಯ ಖರ್ಚನ್ನು ಸರ್ಕಾರ ಹೊರಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಯಾಕೆ ಹೊರಬೇಕು? ಹೃದಯಾಘಾತ ಹೇಳಿ ಬರೋದಿಲ್ಲ, ಒಪ್ಪುತ್ತೇನೆ. ಹುಳುಕು ಹಲ್ಲು ಹಾಗಲ್ಲ, ಅದು ಸೋಮಾರಿತನದ ಫಲ. ನಾನು ದಿನಕ್ಕೆ ಎರಡು ಸಲ ಉಜ್ಜುತ್ತೇನೆ. 58 ವರ್ಷವಾದರೂ ಒಂದು ಹಲ್ಲೂ ಅಲುಗಿಲ್ಲ. ಉಜ್ಜದವರ ಹಲ್ಲಿಗೆ ನನ್ನ ತೆರಿಗೆ ಯಾಕೆ? ಇದರ ಲಾಭ ನಷ್ಟ ಎರಡನ್ನೂ ಬರೆಯಿರಿ."

ಉತ್ತರ:

ಮೊದಲು ನಿಮ್ಮ ಹಲ್ಲುಗಳಿಗೆ ಅಭಿನಂದನೆ. ಮನಸಾರೆ ಹೇಳುತ್ತಿದ್ದೇನೆ. ಅನಿಸಿದ್ದನ್ನು ಸುತ್ತಿ ಬಳಸದೆ ನೇರವಾಗಿ ಬರೆದಿದ್ದೀರಿ, ಅದೂ ಇಷ್ಟವಾಯಿತು. ಆದರೆ 'ಸೋಮಾರಿತನ' ಅನ್ನುವ ಪದ ಬಂದ ಕಡೆ ನಾನು ನಿಂತುಬಿಟ್ಟೆ. ಆ ಪದವನ್ನು ನೀವು ಸ್ವಲ್ಪ ಸುಲಭವಾಗಿ ಬಳಸಿದ್ದೀರಿ ಅನಿಸಿತು.

ನಮ್ಮಲ್ಲಿ ಕರಡು ತಿದ್ದುವ ಹಿರಿಯರೊಬ್ಬರಿದ್ದರು. ಒಂದು ಅಲ್ಪವಿರಾಮ ಆಚೀಚೆ ಆದರೂ ಬಿಡುತ್ತಿರಲಿಲ್ಲ. ಒಂದು ದಿನ ಎಡಗೆನ್ನೆ ಊದಿಸಿಕೊಂಡು ಬಂದರು. ಕೇಳಿದರೆ "ಏನಿಲ್ಲ ಬಿಡಿ, ಇಳಿಯುತ್ತೆ" ಅಂದರು. ಜೇಬಿನಿಂದ ಲವಂಗದೆಣ್ಣೆಯ ಪುಟ್ಟ ಬಾಟಲಿ ತೆಗೆದರು. ಒಂದು ಎಳೆ ಹತ್ತಿ ಅದ್ದಿದರು. ಕನ್ನಡಿ ನೋಡದೆ, ಎರಡನೇ ಸಲ ಹುಡುಕದೆ, ಸರಿಯಾಗಿ ಆ ಹಲ್ಲಿನ ತೂತಿಗೇ ಒತ್ತಿದರು. ಕೈಗೆ ಆ ಜಾಗ ಅಷ್ಟು ರೂಢಿಯಾಗಿತ್ತು. ಎಷ್ಟು ದಿನದಿಂದ ಹೀಗೆ ಅಂದೆ. ಒಂದೂವರೆ ವರ್ಷ ಅಂದರು! ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಬೇಕು ಅಂತ ವೈದ್ಯರು ಆವಾಗಲೇ ಹೇಳಿದ್ದರಂತೆ. ಆ ತಿಂಗಳು ಮಗಳ ಕಾಲೇಜಿನ ಫೀಸು ಕಟ್ಟೋದಿತ್ತು. ಮುಂದಿನ ತಿಂಗಳು ಇನ್ನೇನೋ. ಕೊನೆಗೆ ಆ ಹಲ್ಲನ್ನು ಕೀಳಿಸಿಬಿಟ್ಟರು, ಉಳಿಸಿಕೊಳ್ಳೋದಕ್ಕಿಂತ ಕೀಳಿಸೋದು ಅಗ್ಗ. ಆಮೇಲೆ ಅದರ ಪಕ್ಕದ್ದು. ಮುಂದಿನ ಹಲ್ಲೊಂದು ಹೋದ ಮೇಲೆ ನಗುವಾಗ ಬಾಯಿಗೆ ಕೈ ಅಡ್ಡ ಇಡುವುದು ಶುರುವಾಯಿತು. ಬರಬರುತ್ತಾ ನಗುವುದೇ ಕಡಿಮೆಯಾಯಿತು. ನೋವು ಬಂದರೆ ಹಲ್ಲು ಕಚ್ಚಿ ಸಹಿಸು ಅಂತೀವಿ. ಹಲ್ಲೇ ನೋಯುವವರು ಏನು ಕಚ್ಚಬೇಕು?

ಅದೇ ಮನುಷ್ಯ ಬಿದ್ದು ಕೈ ಮುರಿದುಕೊಂಡಿದ್ದರೆ ಎಷ್ಟೋ ದೇಶಗಳಲ್ಲಿ ಸರ್ಕಾರವೇ ಖರ್ಚು ನೋಡಿಕೊಳ್ಳುತ್ತದೆ. ಯಾಕೆ ಬಿದ್ದೆ, ನೋಡಿಕೊಂಡು ನಡೆಯಬಾರದಿತ್ತಾ ಅಂತ ಯಾರೂ ಕೇಳೋದಿಲ್ಲ. ಹಲ್ಲಿಗೆ ಮಾತ್ರ ಬೇರೆ ನ್ಯಾಯ ಯಾಕೆ? ಹುಡುಕುತ್ತಾ ಹೋದರೆ ಇದು ವೈದ್ಯಶಾಸ್ತ್ರಕ್ಕಿಂತ ಇತಿಹಾಸದ ಕಥೆ. 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ದಂತವೈದ್ಯರಿಗೇ ಅಂತ ಮೊದಲ ಕಾಲೇಜು ಶುರುವಾಯಿತು, ವೈದ್ಯಕೀಯ ಕಾಲೇಜಿನಿಂದ ಬೇರೆಯಾಗಿ. ಓದು ಬೇರೆಯಾಯಿತು, ಪದವಿ ಬೇರೆಯಾಯಿತು, ಕ್ಲಿನಿಕ್ ಬೇರೆಯಾಯಿತು. ಮುಂದೆ ಸರ್ಕಾರಗಳು ಆರೋಗ್ಯಕ್ಕೆ ದುಡ್ಡು ಇಡುವ ಕಾಲ ಬಂದಾಗ ಬಾಯಿ ಲೆಕ್ಕದ ಹೊರಗೇ ಉಳಿಯಿತು. ಅಮೆರಿಕ 1965ರಲ್ಲಿ ವಯಸ್ಸಾದವರಿಗೆ ಮೆಡಿಕೇರ್ ಅನ್ನುವ ಸರ್ಕಾರಿ ಆರೋಗ್ಯ ವಿಮೆ ತಂದಿತು, ಮಾಮೂಲಿ ಹಲ್ಲಿನ ಚಿಕಿತ್ಸೆ ಅದರಲ್ಲಿಲ್ಲ. ಹಲ್ಲು ಹೋಗೋದೇ ಆ ವಯಸ್ಸಲ್ಲಿ, ಅಲ್ವಾ? ಆಸ್ಟ್ರೇಲಿಯಾ 1984ರಲ್ಲಿ ಎಲ್ಲರಿಗೂ ವಿಮೆ ತಂದಾಗಲೂ ಹಲ್ಲು ಬಿಟ್ಟಿತು. ಕೆನಡಾ ಕೂಡ ಹಾಗೇ ಬಿಟ್ಟಿತ್ತು. ಖಾಸಗಿ ವಿಮೆ ಇಲ್ಲದ, ಆದಾಯ ಕಡಿಮೆ ಇರುವ ಮನೆಗಳಿಗೆ ಅಂತ ಅಲ್ಲಿ ಒಂದು ರಾಷ್ಟ್ರೀಯ ಹಲ್ಲಿನ ಯೋಜನೆ ಶುರುವಾಗಲು 2023ರ ಡಿಸೆಂಬರ್ ಬರಬೇಕಾಯಿತು.

ಈಗ ನಿಮ್ಮ 'ಸೋಮಾರಿ' ಮಾತಿಗೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಬಾಯಿಯ ಕಾಯಿಲೆ ಇರುವವರು ಜಗತ್ತಿನಲ್ಲಿ ಸುಮಾರು 350 ಕೋಟಿ ಜನ. ಹತ್ತಿರ ಹತ್ತಿರ ಅರ್ಧ ಜಗತ್ತು. ಇಷ್ಟೂ ಜನ ಸೋಮಾರಿಗಳಾ? ಉಜ್ಜುವುದು ಮುಖ್ಯ, ಬಹಳ ಮುಖ್ಯ. ಆದರೆ ಅದೊಂದೇ ಅಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಚಿಕ್ಕಂದಿನಲ್ಲಿ ಸಿಹಿ ಎಷ್ಟು ಸಲ ಬಾಯಿಗೆ ಬಿತ್ತು, ಜೊಲ್ಲು ಎಷ್ಟು ಊರುತ್ತದೆ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಬಿಪಿಗೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ಒಣಗಿದ ಬಾಯಲ್ಲಿ ಹುಳುಕು ಬೇಗ ಹಿಡಿಯುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ವಸಡು ಹಾಳಾಗುತ್ತದೆ, ವಸಡು ಹಾಳಾದರೆ ಸಕ್ಕರೆ ಹತೋಟಿಗೆ ಬರೋದು ಕಷ್ಟ. ಇನ್ನು ಹಲ್ಲಿನ ಬೇರಿನ ಕೀವು ಅಲ್ಲೇ ಇರುತ್ತೆ ಅನ್ನುವ ಹಾಗಿಲ್ಲ. ದವಡೆಯ ಕೆಳಗೆ ಇಳಿದು ಕತ್ತು ಊದಿ ಉಸಿರೇ ಕಟ್ಟಬಹುದು. ಅಪರೂಪ ನಿಜ, ಆದರೆ ಜೀವ ಹೋದದ್ದಿದೆ.

ನಷ್ಟದ ಮಾತನ್ನೂ ಬರೆಯಿರಿ ಅಂದಿರಿ. ಬರೆಯುತ್ತೇನೆ. ಸರ್ಕಾರ ದುಡ್ಡು ಕೊಟ್ಟ ಮಾತ್ರಕ್ಕೆ ಬಾಯಿ ಸರಿಹೋಗೋದಿಲ್ಲ. ನ್ಯೂಜಿಲೆಂಡ್ 1921ರಿಂದಲೇ ದಂತ ದಾದಿಯರಿಗೆ ತರಬೇತಿ ಕೊಟ್ಟು ಶಾಲೆಗಳಿಗೆ ಕಳಿಸಿತು. ಎಂಥ ಒಳ್ಳೆ ಯೋಚನೆ! ಆದರೆ ಅಲ್ಲಿನ ಮಕ್ಕಳು ಆ ಕ್ಲಿನಿಕ್‌ಗೆ ಇಟ್ಟ ಹೆಸರು 'ಕೊಲೆ ಮನೆ', ಅಷ್ಟು ಕೊರೆಯುತ್ತಿದ್ದರು. ಇಂಗ್ಲೆಂಡಿನಲ್ಲಿ 2006ರಲ್ಲಿ ಸರ್ಕಾರ ದಂತವೈದ್ಯರ ಜೊತೆ ಮಾಡಿಕೊಂಡ ಕರಾರಿನ ಪ್ರಕಾರ ಒಬ್ಬ ರೋಗಿಗೆ ಒಂದು ಫಿಲ್ಲಿಂಗ್ ಮಾಡಿದರೂ ನಾಲ್ಕು ಮಾಡಿದರೂ ವೈದ್ಯರಿಗೆ ಸಿಗುತ್ತಿದ್ದದ್ದು ಒಂದೇ. ಅಂದಮೇಲೆ ಬಾಯಿ ತುಂಬ ಹುಳುಕಿರುವವರನ್ನು ಯಾರು ಕರೆದು ಕೂರಿಸುತ್ತಾರೆ? ಆಮೇಲೆ ಅದನ್ನು ಸ್ವಲ್ಪ ತಿದ್ದಿದರು. ಅಷ್ಟರಲ್ಲಿ ಎಷ್ಟೋ ವೈದ್ಯರು ಖಾಸಗಿ ಕಡೆ ಹೋಗಿದ್ದರು, ರೋಗಿಗಳ ಸರದಿ ಬೆಳೆದಿತ್ತು. ಇವೆಲ್ಲ ಸುಳ್ಳಲ್ಲ. ಆದರೆ ಇದು ದುಡ್ಡು ಹೇಗೆ ಹಂಚಿದರು ಅನ್ನುವುದರ ತಪ್ಪು. ಹಂಚಿದ್ದೇ ತಪ್ಪು ಅಂತ ಇದರಿಂದ ಹೇಳೋಕಾಗಲ್ಲ.

ಅದೇ ದೇಶದ ಇನ್ನೊಂದು ಲೆಕ್ಕ ನೋಡಿ. 1968ರ ಸಮೀಕ್ಷೆಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ದೊಡ್ಡವರಲ್ಲಿ ಶೇಕಡ 37 ಜನಕ್ಕೆ ಸ್ವಂತ ಹಲ್ಲು ಒಂದೂ ಇರಲಿಲ್ಲ. 2009ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಅದು ಶೇಕಡ 6. ಫ್ಲೋರೈಡ್ ಪೇಸ್ಟಿನ ಪಾಲು ಇದರಲ್ಲಿ ದೊಡ್ಡದು, ನೀವು ಹೇಳುವ ಉಜ್ಜುವಿಕೆಯದೂ ಇದೆ. ಜೊತೆಗೆ ಕೈಗೆಟಕುವ ಹಾಗೆ ಒಬ್ಬ ದಂತವೈದ್ಯರು ಇದ್ದದ್ದೂ ಇದೆ.

ಉಜ್ಜೋದನ್ನಾದರೂ ಯಾರು ಕಲಿಸಬೇಕು? ನಿಮಗೆ ಮನೆಯಲ್ಲಿ ಕಲಿಸಿದರು. ಎಲ್ಲ ಮಕ್ಕಳಿಗೂ ಆ ಭಾಗ್ಯ ಇಲ್ಲ. ಸ್ಕಾಟ್ಲೆಂಡಿನಲ್ಲಿ ಶಿಶುವಿಹಾರದ ಮಕ್ಕಳು ದಿನಾ ಟೀಚರ್ ಎದುರಿಗೇ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುತ್ತಾರೆ. ಬ್ರಷ್ಷು, ಪೇಸ್ಟು ಸರ್ಕಾರದ್ದು. ಆ ಯೋಜನೆಗೆ ಆದ ಖರ್ಚಿಗಿಂತ ಚಿಕಿತ್ಸೆಯಲ್ಲಿ ಉಳಿದ ದುಡ್ಡೇ ಜಾಸ್ತಿ ಅಂತ ಅಲ್ಲಿ ಲೆಕ್ಕ ಹಾಕಿದ್ದಾರೆ. ನಿಮ್ಮ ತೆರಿಗೆಯ ಚಿಂತೆಗೂ ಇದರಲ್ಲಿ ಉತ್ತರವಿದೆ. ಹಲ್ಲಿಗೆ ಸರ್ಕಾರ ದುಡ್ಡು ಕೊಡದ ಕಡೆ ಜನ ನೋವು ತಡೆಯಲಾರದೆ ತುರ್ತು ವಿಭಾಗಕ್ಕೆ ಓಡುತ್ತಾರೆ. ಅಲ್ಲಿ ದಂತವೈದ್ಯರು ಸಾಮಾನ್ಯವಾಗಿ ಇರೋದಿಲ್ಲ. ಮಾತ್ರೆ ಕೊಟ್ಟು ಕಳಿಸುತ್ತಾರೆ. ಹಲ್ಲು ಹಾಗೇ ಇರುತ್ತೆ, ಮುಂದಿನ ತಿಂಗಳು ಅದೇ ಹಲ್ಲು ಹಿಡಿದುಕೊಂಡು ಮತ್ತೆ ಬರುತ್ತಾರೆ. ಆ ಖರ್ಚೂ ಯಾರದೋ ತಲೆಯ ಮೇಲೆಯೇ ಬೀಳುತ್ತದೆ.

ನನಗೆ ನಿಜವಾಗಿ ಸಂಕಟ ಆಗೋದು ಇನ್ನೊಂದು ವಿಷಯಕ್ಕೆ. ಖಜಾನೆ ಬಿಗಿಯಾದಾಗಲೆಲ್ಲ ಮೊದಲು ಕೈಬಿಡೋದು ಇಂಥದ್ದನ್ನೇ. ಬ್ರಿಟನ್ನಿನಲ್ಲಿ 1948ರಲ್ಲಿ ಆರೋಗ್ಯ ಸೇವೆ ಪೂರ್ತಿ ಉಚಿತವಾಗಿ ಶುರುವಾಯಿತು. ಮೂರೇ ವರ್ಷ. 1951ರಲ್ಲಿ ಸೈನ್ಯಕ್ಕೆ ದುಡ್ಡು ಬೇಕಾಯಿತು, ಕಟ್ಟಿಸಿದ ಹಲ್ಲಿಗೂ ಕನ್ನಡಕಕ್ಕೂ ಶುಲ್ಕ ಹಾಕಿದರು. ಆ ಸೇವೆಯನ್ನು ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ ಇದನ್ನು ಒಪ್ಪದೆ ರಾಜೀನಾಮೆ ಕೊಟ್ಟರು. ಹಲ್ಲಿನ ಸೆಟ್ಟಿಗಾಗಿ ಮಂತ್ರಿ ಪದವಿ ಬಿಟ್ಟ ಮನುಷ್ಯ! ನನಗೆ ಅವರ ಮೇಲೆ ತುಂಬ ಗೌರವ. ಹಲ್ಲು, ಕಣ್ಣು, ಕಿವಿ, ಮನಸ್ಸು, ಇವಕ್ಕೆಲ್ಲ ಕೊನೆಯ ಸಾಲು. ಇವು ಕೆಟ್ಟರೆ ಮನುಷ್ಯ ಸಾಮಾನ್ಯವಾಗಿ ಸಾಯೋದಿಲ್ಲ, ಸುಮ್ನೆ ಒಂದು ಮೂಲೆಯಲ್ಲಿ ಕೂತುಬಿಡುತ್ತಾನೆ. ಮೂಲೆಯಲ್ಲಿ ಕೂತವರು ಗಲಾಟೆ ಮಾಡೋದಿಲ್ಲ, ಹಾಗಾಗಿ ಅವರ ಲೆಕ್ಕ ಯಾರೂ ಇಡೋದಿಲ್ಲ. ದೊಡ್ಡ ಆಸ್ಪತ್ರೆ ಕಟ್ಟಿದರೆ ಫೋಟೋ ಬರುತ್ತೆ. ಒಂದು ಕುರ್ಚಿ, ಒಂದು ದೀಪ, ಒಬ್ಬ ದಂತವೈದ್ಯರನ್ನು ಚಿಕ್ಕ ಆರೋಗ್ಯ ಕೇಂದ್ರದಲ್ಲಿ ಇಟ್ಟರೆ ಯಾವ ಫೋಟೋನೂ ಬರಲ್ಲ.

ನಿಮ್ಮ ಪತ್ರವನ್ನು ನಮ್ಮ ಆ ಹಿರಿಯರಿಗೂ ಫೋನಿನಲ್ಲಿ ಓದಿ ಹೇಳಿದೆ. ಅವರು ಈಗ ನಿವೃತ್ತರು. ಪೂರ್ತಿ ಕೇಳಿದರು. ಬೇಸರ ಮಾಡಿಕೊಳ್ಳಲಿಲ್ಲ, ಪತ್ರದಲ್ಲಿದ್ದ ಒಂದು ಕಾಗುಣಿತದ ತಪ್ಪನ್ನು ಕೇಳಿಯೇ ಗುರುತಿಸಿದರು. ಆಮೇಲೆ, "ಉತ್ತರ ಬರೆಯುವಾಗ ಒಂದು ಸಾಲು ಸೇರಿಸಿ. ನಾನೂ ದಿನಾ ಎರಡು ಸಲ ಉಜ್ಜುತ್ತಿದ್ದೆ" ಅಂದರು.